ಪಿತ್ರಾರ್ಜಿತ ಶಸ್ತ್ರವೂ ನಿಕ್ಷೇಪಧರ್ಮವೂ

ಹಿರಿಯರಿಂದ ಬಂದ ಆಸ್ತಿಯಲ್ಲಿ ಕೆಲವು ವಸ್ತುಗಳು ಬೆಲೆಯಿಂದ ದೊಡ್ಡವು. ಕೆಲವು ಉಪಯೋಗದಿಂದ ದೊಡ್ಡವು. ಮತ್ತೆ ಕೆಲವು ಈ ಎರಡೂ ಇಲ್ಲದೆ, ತಾವು ಬಂದ ದಾರಿಯಿಂದ ಮಾತ್ರವೇ ದೊಡ್ಡವಾಗಿರುತ್ತವೆ. ಗದ್ದೆಯನ್ನು ಅಳೆದು ಪಾಲು ಮಾಡಬಹುದು. ಚಿನ್ನವನ್ನು ತೂಗಿ ಹಂಚಬಹುದು. ದೇವರ ಕೋಣೆಯ ಗೋಡೆಗೆ ಒರಗಿ ನಿಂತಿರುವ ಮುತ್ತಾತನ ಕೋವಿಯನ್ನು ಹಂಚುವ ಬಗೆ ಮಾತ್ರ ಯಾವ ಪಂಚಾಯಿತರಿಗೂ ತಿಳಿಯದು. ಅದರ ನಳಿಗೆಗೆ ತುಕ್ಕು ಹಿಡಿದಿದೆ, ಕುದುರೆ ಬಿಗಿದುಕೊಂಡಿದೆ, ಮರದ ಹಿಡಿಯನ್ನು ಹುಳು ಅಲ್ಲಲ್ಲಿ ತಿಂದಿದೆ. ಇಂಥ ಕೋವಿಯನ್ನು ದುರಸ್ತು ಮಾಡಿಸಬೇಕೋ, ಇದ್ದಂತೆಯೇ ಬಿಡಬೇಕೋ ಎಂಬುದು ಮೇಲುನೋಟಕ್ಕೆ ಕಮ್ಮಾರನನ್ನು ಕೇಳಬೇಕಾದ ಪ್ರಶ್ನೆ. ವಿಚಾರಿಸಿ ನೋಡಿದರೆ ಕಮ್ಮಾರನು ಹೇಳಬಲ್ಲದ್ದು ಹೇಗೆ ಮಾಡಬೇಕೆಂಬುದನ್ನು ಮಾತ್ರ. ಮಾಡಬೇಕೇ ಬೇಡವೇ ಎಂಬುದು ಮನೆಯವರ ಧರ್ಮಕ್ಕೆ ಸೇರಿದ ಮಾತು. ಒಡೆದ ತಂಬಿಗೆಗೆ ಬೆಸುಗೆ ಹಾಕಿಸುವಾಗ ಹುಟ್ಟದ ಸಂಶಯವು ಇಲ್ಲಿ ಏಕೆ ಹುಟ್ಟುತ್ತದೆ ಎಂಬುದನ್ನು ಪರಾಮರ್ಶಿಸುವುದು ಅನುಚಿತವಾಗಲಾರದು.

ಈ ಪ್ರಶ್ನೆಯು ಕನ್ನಡನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜೀವಂತವಾಗಿರುವ ಸ್ಥಳ ಕೊಡಗು. ಅಲ್ಲಿ ಕೋವಿಯು ಅಲಂಕಾರವಲ್ಲ, ಮನೆಯ ಸದಸ್ಯನೆಂದರೂ ಸಲ್ಲುತ್ತದೆ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಒಂದರ ಹಿಂದೆ ಒಂದರಂತೆ ಎರಡು ಗುಂಡು ಹಾರಿಸುವುದು ಹಳೆಯ ವಾಡಿಕೆ. ಬೆಟ್ಟದಿಂದ ಬೆಟ್ಟಕ್ಕೆ ಮನೆಗಳು ಚದರಿರುವ ಆ ಸೀಮೆಯಲ್ಲಿ ಓಲೆಗಿಂತ ಮುಂಚೆ ಸುದ್ದಿಯನ್ನು ಮುಟ್ಟಿಸುತ್ತಿದ್ದುದು ಆ ಶಬ್ದವೇ. ಹುತ್ತರಿಯಲ್ಲಿ ಮೊದಲ ಕದಿರನ್ನು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಬೇಕು. ನಾಟಿಯ ಕೆಲಸ ಮುಗಿಯುವ ತನಕ ಆಯುಧಗಳನ್ನು ಕನ್ನಿಕೊಂಬರೆಯಲ್ಲಿ ಇರಿಸಿ, ಕೈಲ್‌ಪೊಳ್ದ್ ಹಬ್ಬದ ದಿನ ಅವುಗಳನ್ನು ತೊಳೆದು ಒರೆಸಿ, ತೋಕ್‌ಪೂವಿನಿಂದ ಸಿಂಗರಿಸಿ, ಪೂಜಿಸಿ, ಬಳಿಕ ಕೈಗೆ ತೆಗೆದುಕೊಳ್ಳುವುದು ಪದ್ಧತಿ. ತೋಕ್ ಎಂದರೆ ಕೋವಿ. ಕನ್ನಡದಲ್ಲಿ ಅಗ್ನಿಶಿಖೆ ಎನಿಸಿಕೊಂಡ ಕಾಡುಹೂವಿಗೆ ಅಲ್ಲಿ ಕೋವಿಯ ಹೂವೆಂದೇ ಹೆಸರಾಗಿದೆ. ಈಗ ಆ ಹಬ್ಬವನ್ನು ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಚರಿಸುತ್ತಾರೆ. ನಾಡಿನ ಉಳಿದ ಭಾಗಗಳಲ್ಲಿ ಮಹಾನವಮಿಯ ಆಯುಧಪೂಜೆಯಲ್ಲಿ ಕತ್ತಿ, ಕೊಡಲಿ, ನೇಗಿಲು, ತಕ್ಕಡಿಗಳಿಗೆ ಸಲ್ಲುವ ಗೌರವವೂ ಇದೇ ಜಾತಿಯದು. ಕೊಡಗಿನಲ್ಲಿ ಅದು ಇನ್ನೂ ಗಾಢವಾಗಿದೆ, ಅಷ್ಟೆ.

ಈ ಗಾಢತೆಗೆ ಚರಿತ್ರೆಯ ಕಾರಣವೂ ಉಂಟು. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತು. 1857ರ ದಂಗೆಯ ತರುವಾಯ ಸರಕಾರವು ಪ್ರಜೆಗಳನ್ನು ನಿಶ್ಶಸ್ತ್ರರನ್ನಾಗಿ ಮಾಡತೊಡಗಿದಾಗ, 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡಗರನ್ನು ಆ ಕಾನೂನಿನಿಂದ ಬಿಟ್ಟುಕೊಟ್ಟರು. ಆ ವಿನಾಯಿತಿ ರೂಪಾಂತರಗಳನ್ನು ಹೊಂದುತ್ತ ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. 1959ರ ಆಯುಧ ಕಾನೂನಿನ ಕೆಳಗೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ, ಎಂದರೆ 2029ರ ವರೆಗೆ, ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಇದೇ ಕಾಲದಲ್ಲಿ ಕನ್ನಡನಾಡಿನ ಉತ್ತರ ಭಾಗದಲ್ಲಿ ನಡೆದುದು ಬೇರೆ. ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಆಯುಧಗಳನ್ನು ಒಪ್ಪಿಸಿರೆಂಬ ಆಜ್ಞೆ ಬಂದಾಗ ಅವರು ಒಪ್ಪಲಿಲ್ಲ. 1857ರ ನವೆಂಬರಿನಲ್ಲಿ ಸೈನ್ಯವು ಊರಿನ ಮೇಲೆ ಬಿದ್ದಿತು. ಹಲವರು ಕಾಳಗದಲ್ಲಿ ಸತ್ತರು. ಸೆರೆ ಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಿದರು. ಆ ಕಥೆಯು ಲಾವಣಿಯಾಗಿ ಜನರ ಬಾಯಲ್ಲಿ ಉಳಿದು, ಮುಂದೆ ಫ್ಲೀಟ್ ಸಾಹೇಬರ ಸಂಗ್ರಹದಲ್ಲಿ ಸೇರಿತು. ಒಂದು ಕಡೆ ಆಯುಧವು ಮನೆಯಲ್ಲಿ ಉಳಿಯಿತು. ಇನ್ನೊಂದು ಕಡೆ ಆಯುಧವನ್ನು ಉಳಿಸಿಕೊಳ್ಳಹೋಗಿ ಮನೆಗಳೇ ಉಳಿಯಲಿಲ್ಲ. ಹೀಗಿರಲು, ಗೋಡೆಯ ಮೇಲಿನ ಕೋವಿಯೊಂದನ್ನು ಹಳೆಯ ಕಬ್ಬಿಣವೆಂದು ತಳ್ಳಿಹಾಕುವವರು ಚರಿತ್ರೆಯನ್ನು ಅರಿಯದವರೇ ಸರಿ. ಆದರೆ ಅದನ್ನು ಗೌರವಿಸಬೇಕೆಂಬುದು ತೀರ್ಮಾನವಾದ ಮಾತ್ರಕ್ಕೆ, ಆ ಗೌರವವು ಯಾವ ರೂಪವನ್ನು ತಾಳಬೇಕೆಂಬುದು ತೀರ್ಮಾನವಾದಂತೆ ಆಗುವುದಿಲ್ಲ.

ಮೊದಲು 'ದುರಸ್ತು' ಎಂಬ ಒಂದು ಮಾತಿನೊಳಗೆ ಅಡಗಿರುವ ಮೂರು ಬೇರೆ ಬೇರೆ ಕಾರ್ಯಗಳನ್ನು ವಿಂಗಡಿಸಬೇಕು. ಕೆಡುತ್ತಿರುವುದನ್ನು ಅಲ್ಲಿಗೇ ನಿಲ್ಲಿಸುವುದು ಒಂದು. ಹಳೆಯದನ್ನು ಹೊಸದರಂತೆ ಕಾಣಿಸುವುದು ಎರಡನೆಯದು. ಸುಮ್ಮನಾದುದನ್ನು ಮತ್ತೆ ಸಿಡಿಯುವಂತೆ ಮಾಡುವುದು ಮೂರನೆಯದು. ಅಣ್ಣತಮ್ಮಂದಿರಲ್ಲಿ ಈ ವಿಷಯವಾಗಿ ಹುಟ್ಟುವ ಮನಸ್ತಾಪಗಳಲ್ಲಿ ಅರ್ಧದಷ್ಟು, ಒಬ್ಬನು ಮೊದಲನೆಯದನ್ನೂ ಇನ್ನೊಬ್ಬನು ಮೂರನೆಯದನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದೇ ಮಾತನ್ನು ಆಡುವುದರಿಂದ ಬರುತ್ತವೆ.

ಮೊದಲನೆಯ ಕಾರ್ಯದ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಆದರೂ ಅದಕ್ಕೊಂದು ಕ್ರಮವುಂಟು. ಹಳೆಯ ಮದ್ದಿನ ಕೋವಿಗಳಲ್ಲಿ ಎಷ್ಟೋ ಇನ್ನೂ ಈಡು ತುಂಬಿದಂತೆಯೇ ಮೂಲೆ ಸೇರಿರುತ್ತವೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಇವುಗಳನ್ನು ನೂರಕ್ಕೆ ಸುಮಾರು 75, 15, 10ರ ಪ್ರಮಾಣದಲ್ಲಿ ಬೆರೆಸಿದ ಕಪ್ಪು ಮದ್ದು ತೇವ ತಗಲದಿದ್ದರೆ ನೂರು ವರ್ಷವಾದರೂ ತನ್ನ ಗುಣವನ್ನು ಬಿಡುವುದಿಲ್ಲ. ಆದುದರಿಂದ ಬಲ್ಲವರು ಮೊಟ್ಟಮೊದಲು ನಳಿಗೆಯೊಳಕ್ಕೆ ಗಜವನ್ನು ಇಳಿಬಿಟ್ಟು, ಅದು ಎಲ್ಲಿಗೆ ನಿಲ್ಲುತ್ತದೆಂದು ಗುರುತು ಮಾಡಿ, ಹೊರಗಿನಿಂದ ಅಳೆದು ನೋಡುತ್ತಾರೆ. ಎರಡಳತೆಗಳೂ ಕೂಡಿಬಾರದಿದ್ದರೆ ಒಳಗೆ ಏನೋ ಇದೆಯೆಂದೇ ತಿಳಿಯಬೇಕು. ಅದನ್ನು ತೆಗೆಯುವ ಕೆಲಸ ಮನೆಯವರದಲ್ಲ, ಅನುಮತಿ ಪಡೆದ ಬಂದೂಕು ಕೆಲಸದವನದು. ಬಳಿಕ ಸಡಿಲವಾದ ತುಕ್ಕನ್ನು ಎಣ್ಣೆಯಿಂದ ನೆನೆಸಿ ಮೆಲ್ಲಗೆ ಒರೆಸುವುದು, ಕಬ್ಬಿಣದ ಮೇಲೆ ತೆಳ್ಳಗೆ ಮೇಣವನ್ನು ಹಚ್ಚುವುದು, ಹುಳುವನ್ನು ತಡೆದು ಮರಕ್ಕೆ ರಕ್ಷೆ ಕೊಡುವುದು, ಮಳೆಗಾಲದ ಥಂಡಿಗೋಡೆಯಿಂದ ದೂರವಿರಿಸುವುದು: ಇಷ್ಟು ಸಾಕು. ಇದರಲ್ಲಿ ಯಾವುದೂ ಹಿಂತಿರುಗಿಸಲಾಗದ ಕೆಲಸವಲ್ಲ. ಇದನ್ನೂ ಮಾಡದೆ ಬಿಡುವುದು ವೈರಾಗ್ಯವಲ್ಲ, ಸೋಮಾರಿತನ.

ಎರಡನೆಯ ಕಾರ್ಯವು ನೋಡುವುದಕ್ಕೆ ನಿರಪಾಯವಾಗಿದ್ದರೂ ಹೆಚ್ಚು ಹಾನಿ ಆಗುವುದು ಇದರಿಂದಲೇ. ಕೋವಿಯನ್ನು ಥಳಥಳಿಸುವಂತೆ ಮಾಡಬೇಕೆಂದು ಉಪ್ಪುಕಾಗದದಿಂದ ತಿಕ್ಕಿ ಸಾಣೆ ಹಿಡಿಸಿದರೆ ತುಕ್ಕಿನೊಡನೆ ಅಕ್ಷರಗಳೂ ಹೋಗುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ಕೋವಿಯಲ್ಲಿ ಕಿರೀಟ ಹಿಡಿದ ಸಿಂಹದ ಮುದ್ರೆ, ಟಿಪ್ಪುವಿನ ಕಾರ್ಖಾನೆಯದರಲ್ಲಿ ಹುಲಿಪಟ್ಟೆಯ ಚಿಹ್ನೆ, ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಗುರುತು, ಇವೆಲ್ಲ ಕೂದಲೆಳೆಯಷ್ಟು ಆಳದಲ್ಲಿ ಕೆತ್ತಿದವು. ಅವು ಅಳಿದ ಮೇಲೆ ಆ ಕೋವಿ ಎಲ್ಲಿಯದು, ಎಂದಿನದು ಎಂಬುದಕ್ಕೆ ಸಾಕ್ಷಿಯೇ ಇಲ್ಲ. ಅನೇಕ ನಳಿಗೆಗಳ ಕಂದು ಬಣ್ಣವು ಕೊಳೆಯೂ ಅಲ್ಲ. ಮಾಡಿದವರು ಬೇಕೆಂದೇ ತುಕ್ಕನ್ನು ಹದವಾಗಿ ಬರಿಸಿ ಕೊಟ್ಟ ಲೇಪ. ಹಿಡಿಯ ಮೇಲೆ ಒಂದು ಕಡೆ ಮರ ಸವೆದು ನುಣುಪಾಗಿದ್ದರೆ, ಅಲ್ಲಿ ಮೂರು ತಲೆಮಾರಿನವರ ಕೆನ್ನೆ ತಗಲಿದೆ. ಅದನ್ನು ಕೆರೆದು ಮೆರುಗೆಣ್ಣೆ ಬಳಿದರೆ ಅಂಗಡಿಯ ಕೋವಿಯಾಗುತ್ತದೆ, ಮುತ್ತಾತನ ಕೋವಿಯಾಗುವುದಿಲ್ಲ. ಹಳೆಯ ಕಟ್ಟಡಗಳ ಜೀರ್ಣೋದ್ಧಾರದ ವಿಷಯವಾಗಿ ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿಯೇ ಇಂಥ ನವೀಕರಣವು ನಾಶದ ಇನ್ನೊಂದು ಹೆಸರೆಂದು ವಾದಿಸಿದನು. 1964ರಲ್ಲಿ ವೆನಿಸ್ ನಗರದಲ್ಲಿ ನೆರೆದ ತಜ್ಞರು ಒಪ್ಪಿದ ನಿಬಂಧನೆಯಲ್ಲಿ, ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರವು ನಿಲ್ಲಬೇಕೆಂಬ ನಿಯಮವೇ ಸೇರಿದೆ. ಶಿಲೆಗೆ ಹೇಳಿದ ಮಾತು ಕಬ್ಬಿಣಕ್ಕೂ ಸಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಬತ್ತಿಕೋವಿಯಲ್ಲಿ ಉರಿಯುವ ಬತ್ತಿಯೇ ಮದ್ದಿಗೆ ತಗಲುತ್ತಿತ್ತು. ಚಕಮಕಿಕೋವಿಯಲ್ಲಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಉದುರುತ್ತಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ 1807ರಲ್ಲಿ ಹಕ್ಕುಪತ್ರ ಪಡೆದ ಉಪಾಯದಿಂದ ಮುಂದೆ ಕೇಪಿನ ಕೋವಿ ಹುಟ್ಟಿತು. ತೋಟೆಯ ಕೋವಿ ಅದರ ತರುವಾಯದ್ದು. ಈ ಹಳೆಯ ನಳಿಗೆಗಳಲ್ಲಿ ಎಷ್ಟೋ, ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಸರಳಿಗೆ ಸುರುಳಿಯಾಗಿ ಸುತ್ತಿ ಕಾಯಿಸಿ ಬಡಿದು ಕೂಡಿಸಿದವು. ಹೊರಗೆ ಅಲೆಅಲೆಯಾಗಿ ಸೊಗಸಾಗಿ ಕಂಡರೂ ಒಳಗಿನ ಬೆಸುಗೆಯ ಸಂದುಗಳಲ್ಲಿ ಮದ್ದಿನ ಮಸಿ ಕುಳಿತು, ತೇವವನ್ನು ಹೀರಿ, ಕಣ್ಣಿಗೆ ಕಾಣದಂತೆ ಕಬ್ಬಿಣವನ್ನು ತಿಂದಿರುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಕಂಡುಹಿಡಿದ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆಂದು ಅವನ್ನು ಮಾಡಿದವರಲ್ಲ. ಇಂದಿನ ತೋಟೆ ಅಂದಿನ ನಳಿಗೆಯಲ್ಲಿ ಹಿಡಿಸಿದ ಮಾತ್ರಕ್ಕೆ ಅದು ಅದರದೆಂದು ಭಾವಿಸಿದವನ ಎಡಗೈ ಉಳಿಯುವ ಭರವಸೆಯಿಲ್ಲ.

ಇನ್ನು ಕಾನೂನಿನ ಮಾತು. ಭಾರತದ ಆಯುಧ ಕಾನೂನಿನ 45ನೆಯ ಕಲಮಿನ ಪ್ರಕಾರ, ಹಳೆಯ ಮಾದರಿಯದೋ ಪುರಾತನ ಮೌಲ್ಯವುಳ್ಳದ್ದೋ ಕೆಟ್ಟುಹೋದದ್ದೋ ಆದ ಆಯುಧವು, ರಿಪೇರಿ ಮಾಡಿದರೂ ಮಾಡದಿದ್ದರೂ ಸಿಡಿಯಲಾರದಂಥದಾಗಿದ್ದರೆ, ಆ ಕಾನೂನಿನ ಕಟ್ಟಿಗೆ ಒಳಪಡುವುದಿಲ್ಲ. ಸಿಡಿಯಬಲ್ಲದ್ದು, ಅಥವಾ ರಿಪೇರಿಯಿಂದ ಸಿಡಿಯುವಂತಾಗಬಲ್ಲದ್ದು, ಪರವಾನಗಿಗೋ ವಿನಾಯಿತಿಗೋ ಒಳಪಟ್ಟದ್ದು. ಅದನ್ನು ರಿಪೇರಿ ಮಾಡುವ ಕಸುಬಿಗೂ ಬೇರೆ ಪರವಾನಗಿ ಬೇಕು. 2019ರ ತಿದ್ದುಪಡಿಯಿಂದ ಒಬ್ಬನು ಪರವಾನಗಿಯ ಮೇಲೆ ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದುವು; ಹಿರಿಯರಿಂದ ಬಂದುದೆಂಬ ಕಾರಣಕ್ಕೂ ಈ ಮಿತಿಯಲ್ಲಿ ಸಡಿಲಿಕೆಯಿಲ್ಲ. ಕಾನೂನಿನ ಈ ಭೇದದಲ್ಲಿ ನೀತಿಯ ಒಂದು ಸೂಕ್ಷ್ಮವೂ ಅಡಗಿದೆ. ಸಿಡಿಯಲಾರದ ಕೋವಿ ಒಂದು ನೆನಪು. ಸಿಡಿಯಬಲ್ಲ ಕೋವಿ ಒಂದು ಶಕ್ತಿ. ನೆನಪನ್ನು ಶಕ್ತಿಯನ್ನಾಗಿ ಮಾಡುವವನು ಹಳೆಯ ವಸ್ತುವನ್ನು ಮರಳಿ ಪಡೆಯುತ್ತಿಲ್ಲ, ಹೊಸ ಹೊಣೆಯೊಂದನ್ನು ಹುಟ್ಟಿಸುತ್ತಿದ್ದಾನೆ.

ಇಲ್ಲಿ ಧರ್ಮಶಾಸ್ತ್ರದ ನಿಕ್ಷೇಪವಿಚಾರವು ನೆರವಿಗೆ ಬರುತ್ತದೆ. ಒಬ್ಬನು ನಂಬಿಕೆಯಿಂದ ಇನ್ನೊಬ್ಬನ ಕೈಯಲ್ಲಿಟ್ಟ ವಸ್ತುವನ್ನು, ಇಟ್ಟ ರೀತಿಯಲ್ಲಿಯೇ ಹಿಂದಕ್ಕೆ ಕೊಡಬೇಕೆಂಬುದು ಮನುಸ್ಮೃತಿಯ ಎಂಟನೆಯ ಅಧ್ಯಾಯದ ನಿರ್ಣಯ. ಪಿತ್ರಾರ್ಜಿತವಾದ ವಸ್ತುವು ಒಂದರ್ಥದಲ್ಲಿ ಸ್ವತ್ತು, ಇನ್ನೊಂದರ್ಥದಲ್ಲಿ ನಿಕ್ಷೇಪ. ಇಟ್ಟವರು ಹೋಗಿದ್ದಾರೆ; ತೆಗೆದುಕೊಳ್ಳುವವರು ಇನ್ನೂ ಹುಟ್ಟಿಲ್ಲ; ನಡುವೆ ಇರುವವನು ಕಾವಲುಗಾರ. ಕಾವಲುಗಾರನು ವಸ್ತುವನ್ನು ಕೆಡಗೊಡಬಾರದು. ತನ್ನ ಅಭಿರುಚಿಗೆ ತಕ್ಕಂತೆ ಮಾರ್ಪಡಿಸಲೂ ಬಾರದು. ಮೊದಲನೆಯ ಕಾರ್ಯವು ಕರ್ತವ್ಯವೆಂದೂ ಎರಡನೆಯದು ಅಪಚಾರವೆಂದೂ ಈ ಒಂದು ಸೂತ್ರದಿಂದಲೇ ಸಿದ್ಧವಾಗುತ್ತದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಪೂರ್ವಿಕರೇ ತಮ್ಮ ಕೋವಿಗಳನ್ನು ಇದ್ದಂತೆ ಬಿಡಲಿಲ್ಲ. ಚಕಮಕಿಯ ಕಾಲ ಮುಗಿದಾಗ ಅದನ್ನು ಕಳಚಿ ಕೇಪಿನ ಕುದುರೆಯನ್ನು ಹಾಕಿಸಿದರು. ಒಡೆದ ಹಿಡಿಗೆ ಹಿತ್ತಾಳೆಯ ಪಟ್ಟಿ ಬಿಗಿಸಿದರು. ನಾಗಸೇನನು ಮಿಲಿಂದರಾಜನಿಗೆ ರಥದ ದೃಷ್ಟಾಂತದಿಂದ ತೋರಿಸಿದಂತೆ, ಗಾಲಿಯೂ ರಥವಲ್ಲ, ಅಚ್ಚೂ ರಥವಲ್ಲ, ನೊಗವೂ ರಥವಲ್ಲ. ಎಲ್ಲ ಕೂಡಿದಾಗಿನ ಹೆಸರೇ ರಥ. ಹಾಗಿದ್ದಮೇಲೆ ಒಂದು ಕೀಲನ್ನು ಬದಲಿಸಿದರೆ ಕೆಟ್ಟುದೇನು? ಮಾರ್ಪಾಡಿನ ಅಧಿಕಾರವು ಮುತ್ತಾತನಿಗಿದ್ದು ಮೊಮ್ಮಗನಿಗೆ ಇಲ್ಲವೆಂಬುದು ಯಾವ ನ್ಯಾಯ?

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಮುತ್ತಾತನು ಮಾರ್ಪಡಿಸಿದುದು ಏತಕ್ಕೆಂದು ನೋಡಬೇಕು. ಅವನ ಗದ್ದೆಗೆ ಹಂದಿ ನುಗ್ಗುತ್ತಿತ್ತು. ಕೊಟ್ಟಿಗೆಗೆ ಹುಲಿ ಬರುತ್ತಿತ್ತು. ಮಳೆಯಲ್ಲಿ ಚಕಮಕಿಯ ಕಿಡಿ ಹತ್ತುತ್ತಿರಲಿಲ್ಲ. ಅವನು ಬದಲಿಸಿದ್ದು ಬದುಕಿನ ಅಗತ್ಯದಿಂದ. ಆದುದರಿಂದ ಆ ಬದಲಾವಣೆಯೇ ಅವನ ಬದುಕಿನ ದಾಖಲೆಯಾಗಿ ಉಳಿಯಿತು. ಇಂದು ಬೇಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಆ ಬಾಗಿಲನ್ನು ಮುಚ್ಚಿತು. ಮುತ್ತಾತನ ಅಗತ್ಯವಿಲ್ಲದೆ ಅವನ ಅಧಿಕಾರವನ್ನು ಮಾತ್ರ ಬಯಸುವವನು, ಬೆವರಿಲ್ಲದೆ ಬೆಳೆಯನ್ನು ಕೇಳಿದಂತೆ ಆಗುತ್ತದೆ. ಮಾರ್ಪಾಡಿಗೆ ಅಧಿಕಾರವನ್ನು ಕೊಡುವುದು ವಂಶವಲ್ಲ, ಅಗತ್ಯ.

ಇಷ್ಟರಿಂದ ವಸ್ತುವಿನ ಕಡೆಯ ವಿಚಾರ ಮುಗಿಯಿತು. ಮನುಷ್ಯನ ಕಡೆಯದು ಉಳಿಯಿತು. ಏಕೆಂದರೆ ಆಯುಧವೆಂಬ ನಿಕ್ಷೇಪಕ್ಕೆ ಬೇರೆ ನಿಕ್ಷೇಪಗಳಿಗಿಲ್ಲದ ಒಂದು ಗುಣವಿದೆ. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಸೀತಾದೇವಿಯು ರಾಮನಿಗೆ ಒಂದು ಹಳೆಯ ಕಥೆಯನ್ನು ಹೇಳುತ್ತಾಳೆ. ತಪೋನಿಷ್ಠನಾದ ಒಬ್ಬ ಮುನಿಯ ಬಳಿಗೆ ಇಂದ್ರನು ಯೋಧನ ವೇಷದಿಂದ ಬಂದು ಒಂದು ಖಡ್ಗವನ್ನು ನ್ಯಾಸವಾಗಿ ಇಟ್ಟು ಹೋದನಂತೆ. ನಂಬಿ ಇಟ್ಟ ವಸ್ತು ಕಳೆದುಹೋದೀತೆಂಬ ಭಯದಿಂದ ಆ ಮುನಿಯು ಗೆಡ್ಡೆಗೆಣಸು ತರಲು ಹೋಗುವಾಗಲೂ ಅದನ್ನು ಬಿಟ್ಟು ಹೋಗಲಿಲ್ಲ. ಕೈಯಲ್ಲಿ ಸದಾ ಖಡ್ಗವಿದ್ದುದರಿಂದ ಬರಬರುತ್ತ ಅವನ ಬುದ್ಧಿ ಕ್ರೌರ್ಯಕ್ಕೆ ತಿರುಗಿತು, ತಪಸ್ಸು ಬಿಟ್ಟುಹೋಯಿತು, ಕೊನೆಗೆ ದುರ್ಗತಿಯೇ ಆಯಿತು. ಈ ಕಥೆಯ ಮರ್ಮವು ಮುನಿಯು ನ್ಯಾಸಧರ್ಮವನ್ನು ಮೀರಿದನೆಂಬುದರಲ್ಲಿಲ್ಲ. ಅದನ್ನು ಅತಿಯಾಗಿ ಪಾಲಿಸಿದನೆಂಬುದರಲ್ಲಿದೆ. ಚಿನ್ನವನ್ನು ಕಾಯುವವನನ್ನು ಚಿನ್ನವು ಲೋಭಿಯನ್ನಾಗಿ ಮಾಡಬಹುದು. ಆದರೆ ಶಸ್ತ್ರವನ್ನು ಕಾಯುವವನ ಕೈಗೆ ಶಸ್ತ್ರವು ಒಂದು ಉಪಾಯವನ್ನೇ ಒದಗಿಸುತ್ತದೆ. ಕೋಪ ಬಂದಾಗ, ಕುಡಿದಾಗ, ಪಾಲಿನ ಜಗಳ ಎದ್ದಾಗ, ಬಾಳು ಬೇಸರವಾದಾಗ, ಆ ಉಪಾಯವು ಗೋಡೆಯ ಮೇಲೆ ಸಿದ್ಧವಾಗಿರುತ್ತದೆ. ಕ್ಷಣದ ಮನೋವಿಕಾರವು ಕ್ಷಣದಲ್ಲಿಯೇ ಕಳೆದುಹೋಗಬೇಕಾದರೆ ಕೈಗೆಟಕುವಲ್ಲಿ ಸಾಧನವಿರಬಾರದು.

ಆದರೂ ಸೀತೆಯ ಮಾತಿಗೆ ರಾಮನು ಕೊಟ್ಟ ಉತ್ತರವನ್ನು ಮರೆಯಲಾಗದು. ಆಕೆಯ ಹಿತವಚನವನ್ನು ಅವನು ಪ್ರೀತಿಯಿಂದ ಮನ್ನಿಸಿದನು. ಆದರೆ ಬಿಲ್ಲನ್ನು ಕೆಳಗಿಡಲಿಲ್ಲ. ಲೋಕದಲ್ಲಿ ಆರ್ತರ ಕೂಗು ಕೇಳಿಬಾರದಿರಲೆಂದೇ ಕ್ಷತ್ರಿಯರು ಬಿಲ್ಲು ಹಿಡಿಯುವುದೆಂದೂ, ದಂಡಕಾರಣ್ಯದ ಋಷಿಗಳಿಗೆ ತಾನು ಮಾತು ಕೊಟ್ಟಿರುವೆನೆಂದೂ ಹೇಳಿದನು. ಎಂದರೆ ಶಸ್ತ್ರಧಾರಣೆಗೆ ಅವನು ಮುಂದಿಟ್ಟುದು ವಂಶದ ಹೆಮ್ಮೆಯನ್ನಲ್ಲ, ಕೊಟ್ಟ ಮಾತನ್ನು. ಯಾರನ್ನು ಕಾಯುವುದಕ್ಕಾಗಿ, ಯಾವ ಹೊಣೆಯ ಮೇಲೆ ಎಂಬ ಎರಡು ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರವಿದ್ದವನಿಗೆ ಶಸ್ತ್ರವು ವಿಹಿತ. ಆ ಉತ್ತರವಿಲ್ಲದವನಿಗೆ ಸೀತೆಯ ಕಥೆಯೇ ಗತಿ.

ಇಲ್ಲಿಗೆ ಕೊಡಗಿನ ಹಿರಿಯರು ಎತ್ತಬಹುದಾದ ಆಕ್ಷೇಪ ಬರುತ್ತದೆ. ಅದು ಎಲ್ಲಕ್ಕಿಂತ ಮನಮುಟ್ಟುವಂಥದು. ಕೋವಿಯ ಮಾತು ಅದರ ಸದ್ದೇ. ತೊಟ್ಟಿಲಿಗೆ ಒಂದು, ಚಟ್ಟಕ್ಕೆ ಎರಡು ಎಂದು ತಲೆಮಾರುಗಳ ತನಕ ನುಡಿದುದನ್ನು ಮೂಕವಾಗಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ, ಅದು ರಕ್ಷಣೆಯೋ, ಅಂತ್ಯಕ್ರಿಯೆಯೋ? ದೇವಸ್ಥಾನದ ಗಂಟೆ ಹಳೆಯದಾಯಿತೆಂದು ಯಾರೂ ಬಾರಿಸದೆ ಬಿಡುವುದಿಲ್ಲ. ಅಜ್ಜನ ಶವದ ಮುಂದೆ ಅಜ್ಜನ ಕೋವಿಯೇ ಸದ್ದು ಮಾಡಬೇಕೆಂದು ಮೊಮ್ಮಗನು ಬಯಸಿದರೆ ಆ ಬಯಕೆಯನ್ನು ದುರಭಿಮಾನವೆನ್ನುವುದು ಕಠಿಣಹೃದಯರ ಮಾತು.

ಈ ಬಯಕೆಗೆ ಮಾನ್ಯತೆಯಿದೆ. ಜೀವಂತವಾದ ಆಚಾರವೂ ಒಂದು ಅಗತ್ಯವೇ. ನಳಿಗೆಯು ಒಳಹೊರಗೆ ಗಟ್ಟಿಯಾಗಿದೆಯೆಂದು ಬಲ್ಲ ಕೆಲಸಗಾರನು ಪರೀಕ್ಷಿಸಿ ಹೇಳಿದರೆ, ಕಾನೂನು ಅನುಮತಿಸಿದರೆ, ಹಿಡಿಯುವವನು ಸಂಯಮಿಯೂ ಶಿಕ್ಷಿತನೂ ಆಗಿದ್ದರೆ, ಅಂಥ ಕೋವಿಯನ್ನು ಸಿಡಿಯುವಂತೆ ಮಾಡಿಸುವುದು ತಪ್ಪೆನ್ನಲಾಗದು. ಆದರೆ ಈ ಮೂರರಲ್ಲಿ ಒಂದು ತಪ್ಪಿದರೂ ಆಚಾರದ ಹೆಸರು ಹೇಳಿ ಅಪಾಯವನ್ನು ತರುವುದು ಸಲ್ಲದು. ಆಚಾರವು ಕೇಳುವುದು ಗುಂಡಿನ ಸದ್ದನ್ನು. ಆ ಸದ್ದು ಇಂಥದೇ ನಳಿಗೆಯಿಂದ ಬರಬೇಕೆಂದು ಅದು ಕೇಳುವುದಿಲ್ಲ. ಮನೆಯಲ್ಲಿ ಸುಸ್ಥಿತಿಯಲ್ಲಿರುವ ಬೇರೆ ಕೋವಿ ಆ ಕರ್ತವ್ಯವನ್ನು ನೆರವೇರಿಸಲಿ. ಮುದುಕನಾದುದು ಪೂಜೆಯ ಪೀಠದಲ್ಲಿ ಹೂವನ್ನು ಮುಡಿದು ಕುಳಿತಿರಲಿ. ತೊಂಬತ್ತು ವರ್ಷದ ಅಜ್ಜನನ್ನು ಮದುವೆಯಲ್ಲಿ ಮೊದಲ ಮಣೆಯ ಮೇಲೆ ಕೂರಿಸುತ್ತಾರಲ್ಲದೆ ಪಲ್ಲಕ್ಕಿಯನ್ನು ಹೊರಲು ಕರೆಯುವುದಿಲ್ಲ. ಅದರಿಂದ ಅವನಿಗೆ ಅವಮಾನವಾಯಿತೆಂದು ಯಾರೂ ಹೇಳುವುದಿಲ್ಲ.

ನಿರ್ಣಯ ಯಾರದಾಗಬೇಕೆಂಬುದೂ ವಿಚಾರಣೀಯ. ಸಾಮಾನ್ಯವಾಗಿ ಇಂಥ ವಿಷಯದಲ್ಲಿ ಮನೆಯ ಗಂಡಸರು, ಅದರಲ್ಲಿಯೂ ಹಿರಿಯ ಮಗ, ತೀರ್ಮಾನಿಸುವುದು ರೂಢಿ. ಆದರೆ ಸಿಡಿಯುವ ಕೋವಿಯ ಫಲವನ್ನು ಉಣ್ಣುವವರು ಎಲ್ಲರೂ. ಅದೇ ಸೂರಿನ ಕೆಳಗೆ ರಾತ್ರಿ ಮಲಗುವ ತಾಯಿ, ಸೊಸೆ, ಬಾಗಿಲ ಸಂದಿನಲ್ಲಿ ಇಣುಕುವ ಮಕ್ಕಳು ಇವರಿಗೆ ಆ ಹೊಣೆಯಲ್ಲಿ ಪಾಲಿದ್ದಮೇಲೆ ಮಾತಿನಲ್ಲಿಯೂ ಪಾಲಿರಬೇಕು. ದಂಡಕಾರಣ್ಯದಲ್ಲಿ ಶಸ್ತ್ರದ ವಿಷಯವಾಗಿ ಮೊದಲು ಎಚ್ಚರಿಸಿದವಳು ಒಬ್ಬ ಹೆಂಗಸೆಂಬುದನ್ನೂ, ರಾಮನು ಅದನ್ನು ಕಿವಿಗೊಟ್ಟು ಕೇಳಿದನೆಂಬುದನ್ನೂ ನೆನೆಯಬಹುದು. ಹಿಂತಿರುಗಿಸಬಹುದಾದ ಕೆಲಸಕ್ಕೆ ಒಬ್ಬನ ನಿರ್ಧಾರ ಸಾಕು. ಹಿಂತಿರುಗಿಸಲಾಗದ ಕೆಲಸಕ್ಕೆ ಎಲ್ಲರ ಸಮ್ಮತಿ ಬೇಕು.

ಹಿಂತಿರುಗಿಸಲಾಗದುದೆಂದರೆ ಹೊಸದು ಮಾಡುವುದು ಮಾತ್ರವಲ್ಲ. ಭಯದಿಂದ ನಳಿಗೆಯೊಳಗೆ ಸೀಸ ಹುಯ್ಯಿಸಿ, ರಂಧ್ರಕ್ಕೆ ಬೆಸುಗೆ ಹಾಕಿಸಿ, ಎಂದೆಂದಿಗೂ ಸಿಡಿಯದಂತೆ ಮಾಡುವುದೂ ಅದೇ ವರ್ಗದ್ದು. ಮನೆಯಲ್ಲಿ ಕಾಯುವವರಿಲ್ಲದಾಗ, ಮಕ್ಕಳೆಲ್ಲ ದೂರದ ಊರುಗಳಲ್ಲಿ ನೆಲಸಿ ಹಳೆಯ ಮನೆಗೆ ಬೀಗ ಬಿದ್ದಾಗ, ಅದೂ ಒಂದು ಕರ್ತವ್ಯವಾಗಬಹುದು. ಅಥವಾ ಕಾನೂನಿನಂತೆ ಸರಕಾರಕ್ಕೆ ಒಪ್ಪಿಸುವುದು, ವಸ್ತುಸಂಗ್ರಹಾಲಯವು ಸ್ವೀಕರಿಸುವುದಾದರೆ ಅಲ್ಲಿಗೆ ಕೊಡುವುದು ಆಗಬಹುದು. ಅದರಲ್ಲಿ ನಷ್ಟವಿಲ್ಲವೆಂದು ಹೇಳುವಂತಿಲ್ಲ. ನಷ್ಟವಿದ್ದರೂ ಮಾಡಬೇಕಾದ ಕಾರ್ಯಗಳು ಉಂಟೆಂಬುದಕ್ಕೆ ಮಹಾಭಾರತವೇ ಸಾಕ್ಷಿ. ಮಹಾಪ್ರಸ್ಥಾನಕ್ಕೆ ಹೊರಟ ಪಾಂಡವರು ರಾಜ್ಯವನ್ನು ಬಿಟ್ಟರು, ಆಭರಣಗಳನ್ನು ಕಳಚಿದರು, ನಾರುಮಡಿ ಉಟ್ಟರು. ಅರ್ಜುನನು ಮಾತ್ರ ಗಾಂಡೀವವನ್ನೂ ಬತ್ತಳಿಕೆಗಳನ್ನೂ ಬಿಡಲಾರದೆ ಹೊತ್ತುಕೊಂಡೇ ನಡೆದನು. ಯಾದವಸ್ತ್ರೀಯರನ್ನು ಕರೆತರುವಾಗ ಆ ಬಿಲ್ಲಿನ ಹೆದೆಯೇರಿಸುವುದೂ ಅವನಿಗೆ ಕಷ್ಟವಾಗಿತ್ತು. ಅಕ್ಷಯವೆನಿಸಿದ ಬಾಣಗಳು ಮುಗಿದುಹೋಗಿದ್ದುವು. ಉಪಯೋಗ ತೀರಿತ್ತು, ಮೋಹ ತೀರಿರಲಿಲ್ಲ. ಸಮುದ್ರತೀರದಲ್ಲಿ ಅಗ್ನಿಯೇ ಎದುರು ನಿಂತು, ಇದು ವರುಣನಿಂದ ತಂದುದು, ವರುಣನಿಗೇ ಸಲ್ಲಲಿ ಎಂದು ಕೇಳಬೇಕಾಯಿತು. ಆಗ ಅವನು ಅದನ್ನು ನೀರಿಗೆ ಬಿಟ್ಟನು. ಗಾಂಡೀವವು ಅವನ ಕೈಯಲ್ಲಿ ಅಷ್ಟು ಕಾಲವಿದ್ದರೂ ಕೊನೆಗೆ ನಿಕ್ಷೇಪವೇ ಆಗಿತ್ತು.

ಮನೆಯವರು ಯಾವ ದಾರಿಯನ್ನು ಹಿಡಿದರೂ ಮಾಡಲೇಬೇಕಾದ ಒಂದು ಕೆಲಸವುಂಟು. ಅದಕ್ಕೆ ಎಣ್ಣೆಯೂ ಬೇಡ, ಅರವೂ ಬೇಡ. ಆ ಕೋವಿ ಯಾರದು, ಯಾವಾಗ ಬಂದಿತು, ಹಿಡಿಯ ಮೇಲಿನ ಸೀಳು ಹೇಗೆ ಆಯಿತು, ಹಿತ್ತಾಳೆಯ ಪಟ್ಟಿಯನ್ನು ಯಾರು ಹಾಕಿಸಿದರು, ಯಾರ ಸಾವಿನಲ್ಲಿ ಅದು ಕಡೆಯ ಸಲ ಸದ್ದು ಮಾಡಿತು ಎಂಬುದನ್ನೆಲ್ಲ, ಹೇಳುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ದುರಸ್ತು ಮಾಡಿಸಿದರೆ ಏನೇನನ್ನು ತೆಗೆದು ಏನೇನನ್ನು ಹಾಕಿಸಲಾಯಿತೆಂಬುದನ್ನೂ ಬರೆದು, ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಜೊತೆಯಲ್ಲಿಯೇ ಇಡಬೇಕು. ಕಬ್ಬಿಣಕ್ಕೆ ಹಿಡಿದ ತುಕ್ಕನ್ನು ನೂರು ವರ್ಷದ ಮೇಲಾದರೂ ನಿಲ್ಲಿಸಬಹುದು. ಕಥೆಗೆ ಹಿಡಿಯುವ ತುಕ್ಕು ಒಬ್ಬ ಮುದುಕಿಯ ಸಾವಿನೊಡನೆ ಪೂರ್ತಿಯಾಗುತ್ತದೆ. ಕಥೆಯಿಲ್ಲದ ಕೋವಿಯನ್ನು ಎಷ್ಟು ತೊಳೆದರೂ ಅದು ಸಂತೆಯಲ್ಲಿ ಕೊಂಡ ಕೋವಿಯೇ.

ಸಾರಾಂಶವಿಷ್ಟು. ಕೆಡುವುದನ್ನು ತಡೆಯುವುದು ಎಲ್ಲರ ಕರ್ತವ್ಯ. ಮೆರುಗು ಕೊಡುವುದು ಯಾರಿಗೂ ಕರ್ತವ್ಯವಲ್ಲ, ಅನೇಕ ವೇಳೆ ಅಪಚಾರ. ಶಕ್ತಿಯನ್ನು ಮರಳಿಸುವುದು, ಅಗತ್ಯವೂ ಯೋಗ್ಯತೆಯೂ ಅನುಮತಿಯೂ ಸಮ್ಮತಿಯೂ ಕೂಡಿದಾಗ ಮಾತ್ರ ವಿಹಿತ. ಈ ನಾಲ್ಕರಲ್ಲಿ ಯೋಗ್ಯತೆಯನ್ನು ಕುರಿತು ಮನುಷ್ಯನು ತನ್ನ ವಿಷಯದಲ್ಲಿ ತಾನೇ ಸಾಕ್ಷಿ ನುಡಿಯುವುದು ಕಷ್ಟ. ಆದುದರಿಂದ ಕೋವಿಯನ್ನು ಬಿಚ್ಚಿಸುವ ಮುಂಚೆ ಮನೆಯ ಯಜಮಾನನು ತನ್ನನ್ನು ಚೆನ್ನಾಗಿ ಬಲ್ಲವರೊಬ್ಬರನ್ನು ಒಂದು ಮಾತು ಕೇಳುವುದು ಒಳ್ಳೆಯದು: ತುಂಬಿದ ಕೋವಿಯಿರುವ ಮನೆಯಲ್ಲಿ ತಾನು ಕೋಪಗೊಂಡಿರುವ ರಾತ್ರಿ ಅವರು ನಿಶ್ಚಿಂತೆಯಿಂದ ನಿದ್ರಿಸಬಲ್ಲರೇ ಎಂದು. ಅವರು ಉತ್ತರಕ್ಕೆ ತಡಮಾಡಿದರೆ, ಆ ಕೋವಿಗೆ ಮೇಣ ಹಚ್ಚಿ, ಹೂವು ಮುಡಿಸಿ, ಕೈಮುಗಿದು, ಇದ್ದಲ್ಲಿಯೇ ಇಡುವುದು ಹಿರಿಯರಿಗೆ ಸಲ್ಲಿಸುವ ಪೂರ್ಣವಾದ ಗೌರವವಾಗುತ್ತದೆ.